ಹುಲ್ಲು ಯಾರಿಗೆ, ಪ್ಲಾಸ್ಟಿಕ್ ಯಾರಿಗೆ

ಕೆನಡಾದ ವ್ಯಾಂಕೂವರ್‌ನಲ್ಲಿ ಬಿ.ಸಿ. ಪ್ಲೇಸ್ ಎಂಬ ದೊಡ್ಡ ಕ್ರೀಡಾಂಗಣವಿದೆ. 2015ರ ಜುಲೈ 5ರಂದು ಮಹಿಳಾ ವಿಶ್ವಕಪ್ ಫುಟ್‌ಬಾಲ್‌ನ ಫೈನಲ್ ನಡೆದದ್ದು ಅಲ್ಲಿ. ಅಮೆರಿಕದ ಕಾರ್ಲಿ ಲಾಯ್ಡ್ ಮೊದಲ 16 ನಿಮಿಷಗಳಲ್ಲೇ ಮೂರು ಗೋಲು ಹೊಡೆದು ಜಪಾನನ್ನು ದಿಕ್ಕೆಡಿಸಿದ ಪಂದ್ಯ ಅದು. ಆಡಿದ್ದು ಪ್ಲಾಸ್ಟಿಕ್ ಹುಲ್ಲಿನ ಮೇಲೆ. ಅದೇ ಕ್ರೀಡಾಂಗಣವನ್ನು 2026ರ ಪುರುಷರ ವಿಶ್ವಕಪ್‌ಗೆ ಆರಿಸಿದಾಗ ಫಿಫಾ ಹಾಕಿದ ಷರತ್ತು ಬೇರೆ: ನೆಲದಲ್ಲಿ ನಿಜವಾದ ಹುಲ್ಲೇ ಇರಬೇಕು. ಕಟ್ಟಡ ಅದೇ, ಆಟ ಅದೇ, ಚೆಂಡಿನ ಅಳತೆಯೂ ಅದೇ.

ವ್ಯಾಂಕೂವರ್ ಒಂದರ ಕಥೆಯಲ್ಲ ಇದು. 2026ಕ್ಕೆ ಆಯ್ಕೆಯಾದ 16 ಕ್ರೀಡಾಂಗಣಗಳ ಪೈಕಿ 8ರಲ್ಲಿ ಮಾಮೂಲಿ ದಿನಗಳಲ್ಲಿ ಇರುವುದು ಕೃತಕ ಹಾಸು. ಫೈನಲ್‌ಗೆಂದು ಗೊತ್ತುಮಾಡಿದ, ನ್ಯೂಯಾರ್ಕ್ ಪಕ್ಕದ ಮೆಟ್‌ಲೈಫ್ ಕೂಡ ಆ ಎಂಟರಲ್ಲಿ ಒಂದು. ಅಲ್ಲೆಲ್ಲ ಹುಲ್ಲು ಬೆಳೆಸುವ ಬಗೆಯನ್ನು ಕಂಡುಹಿಡಿಯಲು ಫಿಫಾ ಟೆನ್ನೆಸೀ ಮತ್ತು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಗಳ ಹುಲ್ಲುತಜ್ಞರನ್ನು ವರ್ಷಗಟ್ಟಲೆ ಸಂಶೋಧನೆಗೆ ಹಚ್ಚಿತು. ಸೂರಿನ ಕೆಳಗೂ ಹುಲ್ಲು ಬದುಕಬೇಕಾದರೆ ಮಣ್ಣು ಎಷ್ಟು ಆಳವಿರಬೇಕು, ಬೆಳಕು ಎಷ್ಟು ಬೀಳಬೇಕು ಎಂದು ಅವರು ಲೆಕ್ಕ ಹಾಕಿದರು. ಕೃತಕ ಹುಲ್ಲು ನಿಜವಾದ ಹುಲ್ಲಿಗೆ ಸರಿಸಮ ಎಂದು ಅದನ್ನು ಮಾರುವವರು ಹೇಳಲಿ, ಹಾಸಿಕೊಂಡವರು ಹೇಳಲಿ. ತಮ್ಮ ಆಟದ ಅತಿ ದೊಡ್ಡ ದಿನಕ್ಕೆ ಅದು ಸಾಲದು ಎಂದು ಫುಟ್‌ಬಾಲ್ ಆಳುವವರೇ ತೀರ್ಮಾನಿಸಿದ್ದಾರೆ.

ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹವಾಮಾನ ಬೇರೆ ದಾರಿಯನ್ನೇ ಬಿಡದ ಕೆಲವು ಊರುಗಳನ್ನು ಹೊರತುಪಡಿಸಿದರೆ, ವೃತ್ತಿಪರ ಫುಟ್‌ಬಾಲ್ ನಡೆಯುವ ಕಡೆ ಕೃತಕ ಹುಲ್ಲು ಇರಬಾರದು. ಅದರಿಂದ ಉಳಿಯುವ ಹಣ ಕ್ರೀಡಾಂಗಣದ ಒಡೆಯನದು, ಅದರ ನೋವು ಆಟಗಾರರದು. ಈ ಹಂಚಿಕೆ ನ್ಯಾಯವಲ್ಲ.

ನ್ಯಾಯದ ಪ್ರಶ್ನೆಯನ್ನು ಮೊದಲು ಎತ್ತಿದವರು ಆಟಗಾರ್ತಿಯರೇ. 2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಆಬಿ ವಾಂಬಾಕ್ ಮುಂದಾಳತ್ವದಲ್ಲಿ, ಬ್ರೆಜಿಲ್‌ನ ಮಾರ್ತಾ, ಜರ್ಮನಿಯ ನಾದಿನ್ ಆಂಗೆರರ್ ಮೊದಲಾದವರು ಸೇರಿ ಒಂಟಾರಿಯೋದ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ದೂರು ಕೊಟ್ಟರು. ಪುರುಷರ ವಿಶ್ವಕಪ್ ಹುಲ್ಲಿನ ಮೇಲೆ, ನಮ್ಮದು ಮಾತ್ರ ಪ್ಲಾಸ್ಟಿಕ್ ಮೇಲೆ ಏಕೆ, ಇದು ಲಿಂಗ ತಾರತಮ್ಯ ಎಂಬುದು ಅವರ ವಾದ. ಅದಕ್ಕೂ ಮುಂಚೆಯೇ ಅಮೆರಿಕ ತಂಡದ ಸಿಡ್ನಿ ಲೆರೂ ಕೃತಕ ಹಾಸಿನ ಮೇಲೆ ಜಾರಿ ಚರ್ಮ ಸುಲಿದು ರಕ್ತ ಒಸರುತ್ತಿದ್ದ ತಮ್ಮ ಕಾಲುಗಳ ಚಿತ್ರವನ್ನು ಟ್ವಿಟರ್‌ನಲ್ಲಿ ಹಾಕಿದ್ದರು. ಸಂಘಟಕರು ಜಗ್ಗಲಿಲ್ಲ. ಟೂರ್ನಿ ಹತ್ತಿರವಾಗುತ್ತಿತ್ತು, 2015ರ ಜನವರಿಯಲ್ಲಿ ಆಟಗಾರ್ತಿಯರು ದೂರು ಹಿಂತೆಗೆದುಕೊಂಡರು. ಜೂನ್ 6ರಂದು ಎಡ್ಮಂಟನ್‌ನಲ್ಲಿ ಕೆನಡಾ–ಚೀನಾ ಪಂದ್ಯದಿಂದ ಟೂರ್ನಿ ಶುರುವಾಯಿತು. ಅಂದು ಹಾಸಿನ ಮೇಲಿನ ಶಾಖ 49 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತೆಂದು ವರದಿಯಾಯಿತು. ಎಡ್ಮಂಟನ್‌ನ ಆ ಕ್ರೀಡಾಂಗಣದಲ್ಲಿ 2010ರವರೆಗೂ ನಿಜವಾದ ಹುಲ್ಲೇ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಹುಲ್ಲು ಬೆಳೆಯುವುದಿಲ್ಲ ಎಂದು ಹೇಳುವ ಹಾಗಿರಲಿಲ್ಲ. 2023ರ ಮಹಿಳಾ ವಿಶ್ವಕಪ್ ನಡೆದದ್ದು ಹುಲ್ಲಿನ ಮೇಲೆ. ಹಿಂತೆಗೆದುಕೊಂಡ ದೂರು ಹಾಗೆ ಗೆದ್ದಿತೆಂದು ನಾನು ಎಣಿಸುತ್ತೇನೆ.

ಕೃತಕ ಹುಲ್ಲು ಹುಟ್ಟಿದ್ದರ ಹಿಂದೆಯೂ ಆಟಗಾರರ ಬೇಡಿಕೆ ಇರಲಿಲ್ಲ. 1965ರಲ್ಲಿ ಹ್ಯೂಸ್ಟನ್‌ನಲ್ಲಿ ಆಸ್ಟ್ರೊಡೋಮ್ ತೆರೆಯಿತು. ಬೇಸ್‌ಬಾಲ್‌ಗೆಂದು ಕಟ್ಟಿದ, ಪೂರ್ತಿ ಸೂರು ಹೊದ್ದ ಕ್ರೀಡಾಂಗಣ. ಒಳಗೆ ಹಾಕಿದ್ದು ನಮ್ಮ ಗರಿಕೆಯ ಕುಲದ ಬರ್ಮುಡಾ ಹುಲ್ಲು. ಪಾರದರ್ಶಕ ಸೂರಿನಿಂದ ಬಿಸಿಲು ಕಣ್ಣಿಗೆ ಹೊಡೆದು ಮೇಲೆ ಹಾರಿದ ಚೆಂಡೇ ಕಾಣುತ್ತಿಲ್ಲವೆಂದು ಆಟಗಾರರು ದೂರಿದಾಗ ಸೂರಿಗೆ ಬಣ್ಣ ಬಳಿದರು. ಬೆಳಕು ಸಾಲದೆ ಹುಲ್ಲು ಸತ್ತಿತು. ಮರುವರ್ಷ ಮಾನ್ಸಾಂಟೊ ಕಂಪನಿಯ ಕೃತಕ ಹಾಸು ಬಂತು, ಕ್ರೀಡಾಂಗಣದ ಹೆಸರಿನಿಂದಲೇ ಅದು ಆಸ್ಟ್ರೊಟರ್ಫ್ ಆಯಿತು. ತಪ್ಪು ಮಾಡಿದ್ದು ಸೂರು, ಹೊರಗೆ ಹೋದದ್ದು ಹುಲ್ಲು.

ಫುಟ್‌ಬಾಲ್‌ಗೆ ಇದು ದೊಡ್ಡ ಸದ್ದಿನೊಡನೆ ಬಂದದ್ದು ಇಂಗ್ಲೆಂಡಿನಲ್ಲಿ. 1981ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತನ್ನ ಲಾಫ್ಟಸ್ ರೋಡ್ ಮೈದಾನದಲ್ಲಿ ಆಮ್ನಿಟರ್ಫ್ ಹಾಸಿತು. ಆಗ ಆ ತಂಡದ ಮ್ಯಾನೇಜರ್ ಟೆರಿ ವೆನಬಲ್ಸ್. ಹತ್ತು ವರ್ಷ ಮುಂಚೆ, 1971ರಲ್ಲಿ, ಗಾರ್ಡನ್ ವಿಲಿಯಮ್ಸ್ ಜೊತೆಗೂಡಿ ಅವರು ಬರೆದ ಕಾದಂಬರಿಯ ಹೆಸರು ‘ದೇ ಯೂಸ್ಡ್ ಟು ಪ್ಲೇ ಆನ್ ಗ್ರಾಸ್’. ಲೂಟನ್, ಓಲ್ಡಂ, ಪ್ರೆಸ್ಟನ್ ತಂಡಗಳೂ ಅದೇ ಹಾದಿ ಹಿಡಿದವು. ಚೆಂಡು ಮನಸ್ಸಿಗೆ ಬಂದಷ್ಟು ಎತ್ತರ ಪುಟಿಯುತ್ತಿತ್ತು. ದಿನವೂ ಅದರ ಮೇಲೆ ಅಭ್ಯಾಸ ಮಾಡುವ ಮನೆ ತಂಡಕ್ಕೆ ಅದರ ಲೆಕ್ಕ ಗೊತ್ತು, ಎದುರಾಳಿಗೆ ಗೊತ್ತಿಲ್ಲ. ಓಲ್ಡಂ 1991ರಲ್ಲಿ ಮೊದಲ ದರ್ಜೆಗೆ ಏರಿದಾಗ ಪ್ಲಾಸ್ಟಿಕ್ ಕಿತ್ತು ಹುಲ್ಲು ಹಾಕಬೇಕಾಯಿತು. 1994ರಲ್ಲಿ ಪ್ರೆಸ್ಟನ್ ಕೂಡ ಕಿತ್ತುಹಾಕಿದ ಮೇಲೆ ಆ ಅಧ್ಯಾಯ ಮುಗಿಯಿತು.

ಆ ಹಳೆಯ ಹಾಸಿನ ಆಧಾರದ ಮೇಲೆ ಇಂದಿನದನ್ನು ತೂಗುವುದು ಸರಿಯಲ್ಲ, ನಿಜ. ಮೂರನೇ ತಲೆಮಾರಿನದೆಂದು ಕರೆಯುವ ಈಗಿನ ಹಾಸಿನಲ್ಲಿ ಎಳೆಗಳು ಉದ್ದ, ಮೆದು. ನಡುವೆ ಮರಳು ಮತ್ತು ಹಳೆಯ ಟೈರು ಪುಡಿಮಾಡಿದ ಕರಿ ರಬ್ಬರ್ ಕಾಳು ತುಂಬಿರುತ್ತಾರೆ. ಚೆಂಡು ಎಷ್ಟು ಪುಟಿಯಬೇಕು, ಎಷ್ಟು ದೂರ ಉರುಳಬೇಕು, ಕಾಲಿನ ಪೆಟ್ಟನ್ನು ನೆಲ ಎಷ್ಟು ಹೀರಬೇಕು ಎಂದು ಫಿಫಾ ಅಳತೆ ಗೊತ್ತುಮಾಡಿದೆ. ಆಟದ ನಿಯಮಾವಳಿಯೇ ಕೃತಕ ಮೈದಾನವನ್ನು ಒಪ್ಪುತ್ತದೆ, ಬಣ್ಣ ಹಸಿರೇ ಆಗಿರಬೇಕೆಂದು ಮಾತ್ರ ಹೇಳುತ್ತದೆ.

ಆದರೂ ಒಂದು ಗುಣವನ್ನು ಯಾವ ತಲೆಮಾರಿನ ಹಾಸೂ ಪೂರ್ತಿಯಾಗಿ ಕಲಿತಿಲ್ಲ: ಸೋಲುವುದನ್ನು. ಓಡುತ್ತಿದ್ದ ಆಟಗಾರ ಗಕ್ಕನೆ ತಿರುಗಿದಾಗ ಬೂಟಿನ ಸ್ಟಡ್‌ಗಳು ನೆಲವನ್ನು ಕಚ್ಚುತ್ತವೆ. ತಿರುಚುವ ಬಲ ಅತಿಯಾದರೆ ನಿಜವಾದ ಮೈದಾನದಲ್ಲಿ ಬೇರು ಮಣ್ಣು ಸಮೇತ ಹುಲ್ಲಿನ ಹೆಂಟೆ ಕಿತ್ತು ಬರುತ್ತದೆ, ಕಾಲು ಬಿಡಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಸು ಕಿತ್ತು ಬರುವುದಿಲ್ಲ. ನೆಲ ಬಿಟ್ಟುಕೊಡದಿದ್ದರೆ ಆ ಬಲ ಕಣಕಾಲಿಗೆ, ಮೊಣಕಾಲಿಗೆ ಹೋಗುತ್ತದೆ. ಪಂದ್ಯ ಮುಗಿದ ಮೇಲೆ ಮೈದಾನದ ಕೆಲಸದವರು ಕೈಯಲ್ಲಿ ಕವೆಗೋಲು ಹಿಡಿದು ಗುಳಿ ಮುಚ್ಚುತ್ತಾ ಹೋಗುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಆ ಗುಳಿಗಳಲ್ಲಿ ಕೆಲವಾದರೂ ಒಂದೊಂದು ಮೊಣಕಾಲನ್ನು ಉಳಿಸಿರುತ್ತವೆ.

ಇದಕ್ಕೆ ಅಂಕಿಅಂಶದ ಬೆಂಬಲ ಎಷ್ಟು? ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಅವರದೇ ಆಟದಲ್ಲಿ ಗಟ್ಟಿಯಾಗಿಯೇ ಇದೆ. ಎನ್‌ಎಫ್‌ಎಲ್‌ನ 2012ರಿಂದ 2016ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಕೃತಕ ಹಾಸಿನ ಮೇಲೆ ಸೊಂಟದ ಕೆಳಗಿನ ಗಾಯಗಳು ಶೇ 16ರಷ್ಟು ಹೆಚ್ಚು ಕಂಡವು. ಆ ಲೀಗಿನ ಆಟಗಾರರ ಸಂಘ ಎಲ್ಲೆಡೆ ಹುಲ್ಲು ಬೇಕೆಂದು ಬಹಿರಂಗವಾಗಿ ಕೇಳುತ್ತಿದೆ. ನಮ್ಮ ಫುಟ್‌ಬಾಲ್‌ನಲ್ಲಿ ಚಿತ್ರ ಇಷ್ಟು ಸ್ಪಷ್ಟವಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಒಟ್ಟಾರೆ ಗಾಯಗಳ ಪ್ರಮಾಣ ಕೃತಕ ಹಾಸಿನಲ್ಲಿ ಹೆಚ್ಚೇನೂ ಕಾಣಲಿಲ್ಲ. ಹುಲ್ಲಿನ ಪರ ನಿಂತವರು ಇದನ್ನು ಮುಚ್ಚಿಡಬಾರದು. ಕೆಟ್ಟ ಹುಲ್ಲಿನಷ್ಟು ಅಪಾಯಕಾರಿ ನೆಲ ಇನ್ನೊಂದಿಲ್ಲ ಎಂಬುದನ್ನೂ ಒಪ್ಪಬೇಕು. 2015ರ ಡಿಸೆಂಬರ್‌ನಲ್ಲಿ ಹವಾಯಿಯಲ್ಲಿ ಅಮೆರಿಕದ ಮಹಿಳಾ ತಂಡ ಕ್ರೀಡಾಂಗಣದ ಕೃತಕ ಹಾಸು ಅಪಾಯಕಾರಿಯೆಂದು ಪಂದ್ಯವನ್ನೇ ಆಡಲಿಲ್ಲ. ಆದರೆ ಅದಕ್ಕೆ ಎರಡು ದಿನ ಮುಂಚೆ ಅದೇ ತಂಡದ ಮೇಗನ್ ರಪಿನೋ ಮೊಣಕಾಲಿನ ಲಿಗಮೆಂಟು ಹರಿದುಕೊಂಡದ್ದು ಕಳಪೆ ಹುಲ್ಲಿನ ಅಭ್ಯಾಸ ಮೈದಾನದಲ್ಲಿ.

ಹಾಗಾದರೆ ಅಂಕಿಅಂಶ ತೂಗುಯ್ಯಾಲೆಯಲ್ಲಿರುವಾಗ ತೀರ್ಪು ಕೊಡುವುದು ಹೇಗೆ? ಎಣಿಕೆಗೆ ಸಿಗುವುದು ಪಂದ್ಯದಿಂದ ಹೊರಗಿಡುವಂಥ ಗಾಯ ಮಾತ್ರ. ತೊಡೆಯ ಸುಟ್ಟ ಚರ್ಮ, ಮರುದಿನ ಏಳಲಾರದ ಸೊಂಟ, ಜಾರಿ ಚೆಂಡು ಕಸಿಯಬಹುದಾಗಿದ್ದ ಕಡೆ ಹೆದರಿ ಹಿಂದೆ ಸರಿದ ಗಳಿಗೆ, ಇವು ಯಾವ ಪಟ್ಟಿಗೂ ಸೇರುವುದಿಲ್ಲ. ಅವನ್ನು ಬಲ್ಲವರು ಆಟಗಾರರು. ಯಾರ ಮೈ ಅಲ್ಲಿ ಬೀಳುತ್ತದೋ ಅವರ ಮಾತಿಗೆ ಬೆಲೆ ಹೆಚ್ಚು ಎಂಬುದು ನನ್ನ ನಿಲುವು. ನೆದರ್ಲೆಂಡ್ಸ್‌ನ ಅಗ್ರ ಲೀಗ್ ಎರೆಡಿವಿಸಿಯಲ್ಲಿ 2025–26ರಿಂದ ಕೃತಕ ಹಾಸಿಗೆ ಅವಕಾಶವಿಲ್ಲ. ಸ್ಕಾಟ್ಲೆಂಡಿನ ಅಗ್ರ ಲೀಗಿನ ಕ್ಲಬ್‌ಗಳೂ 2026–27ರ ಹೊತ್ತಿಗೆ ಅದನ್ನು ಬಿಡಲು ಮತ ಹಾಕಿದವು. ವರ್ಷಗಟ್ಟಲೆ ಬಳಸಿ ನೋಡಿದ ದೇಶಗಳೇ ಬೇಡವೆಂದಿವೆ.

ಇನ್ನೊಂದು ತುದಿಯಲ್ಲಿ ಬೂಡೋ ಇದೆ. ನಾರ್ವೆಯ ಆ ಪುಟ್ಟ ಊರು ಉತ್ತರ ಧ್ರುವವೃತ್ತಕ್ಕಿಂತ ಮೇಲಿದೆ. ಚಳಿಗಾಲದಲ್ಲಿ ಸೂರ್ಯನ ಮುಖ ಕಾಣುವುದೇ ಕಷ್ಟ. ಅಲ್ಲಿನ ಬೂಡೋ ಗ್ಲಿಮ್ಟ್ ತಂಡ ಆಸ್ಪ್‌ಮಿರಾದ ಕೃತಕ ಮೈದಾನದಲ್ಲಿ 2021ರ ಅಕ್ಟೋಬರ್ 21ರಂದು ಜೋಸೆ ಮೊರಿನೊ ತರಬೇತಿಯ ರೋಮಾವನ್ನು 6–1ರಿಂದ ಸೋಲಿಸಿತು. 2024–25ರ ಯುರೋಪಾ ಲೀಗಿನಲ್ಲಿ ಸೆಮಿಫೈನಲ್ ತಲುಪಿತು. ಅದನ್ನು ಪ್ಲಾಸ್ಟಿಕ್ಕಿನ ಗೆಲುವೆಂದು ಹಗುರ ಮಾಡುವವರನ್ನು ನಾನು ಒಪ್ಪುವುದಿಲ್ಲ. ಬೂಡೋದ ಹುಡುಗರಿಗೆ ವರ್ಷವಿಡೀ ಆಡಲು ಇನ್ನೊಂದು ನೆಲವೇ ಇಲ್ಲ. ಅವರಿಗೆ ಅನಿವಾರ್ಯ. ಡಲ್ಲಾಸಿಗೂ ಲಾಸ್ ಏಂಜಲೀಸಿಗೂ ಸೂರ್ಯನ ಕೊರತೆ ಯಾವಾಗ ಬಂತು?

ಕೊರತೆ ಬಿಡುವಿನದು. ಒಂದು ವಾರ ಪಂದ್ಯ, ಮುಂದಿನ ವಾರ ಸಂಗೀತ ಕಛೇರಿ, ಆಮೇಲೆ ವಾಹನ ಪ್ರದರ್ಶನ; ಪ್ಲಾಸ್ಟಿಕ್ ಇದನ್ನೆಲ್ಲ ತಡೆದುಕೊಳ್ಳುತ್ತದೆ, ಹುಲ್ಲು ತಡೆಯದು. ಹುಲ್ಲನ್ನು ಕೊನೆ ಗಳಿಗೆಯಲ್ಲಿ ತಂದು ಹಾಸಿದರೆ ಏನಾಗುತ್ತದೆಂದು 2024ರ ಜೂನ್‌ನಲ್ಲಿ ಅಟ್ಲಾಂಟಾ ತೋರಿಸಿತು. ಕೋಪಾ ಅಮೆರಿಕದ ಮೊದಲ ಪಂದ್ಯಕ್ಕೆ ಅಲ್ಲಿನ ಕೃತಕ ಹಾಸಿನ ಮೇಲೆ ಹುಲ್ಲು ಹೊದಿಸಿದ್ದರು. ಗೆದ್ದ ಅರ್ಜೆಂಟೀನಾದ ಕೋಚ್ ಸ್ಕಲೋನಿ, ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಇಬ್ಬರೂ ಮೈದಾನವನ್ನು ಕಟುವಾಗಿ ಟೀಕಿಸಿದರು. ಬೇರು ಮಣ್ಣಿಗಿಳಿಯದ ಹುಲ್ಲು ಬರೀ ಹೊದಿಕೆ. ಹೊಲಕ್ಕೆ ಹದ ಬರುವಂತೆ ಮೈದಾನಕ್ಕೂ ಹದ ಬರಲು ದಿನಗಳು ಬೇಕು, ಆ ದಿನಗಳಲ್ಲಿ ಟಿಕೆಟ್ ಮಾರಲಾಗದು.

ಮಧ್ಯದ ದಾರಿ ಇಲ್ಲವೆಂದಲ್ಲ. ನಿಜವಾದ ಹುಲ್ಲಿನ ನಡುವೆ ಪ್ಲಾಸ್ಟಿಕ್ ಎಳೆಗಳನ್ನು ಸುಮಾರು 20 ಸೆಂಟಿಮೀಟರ್ ಆಳಕ್ಕೆ ಹೊಲಿಯುವ ಹೈಬ್ರಿಡ್ ಮೈದಾನಗಳು ಯುರೋಪಿನ ದೊಡ್ಡ ಲೀಗುಗಳಲ್ಲಿ ಈಗ ಮಾಮೂಲು. ಮೇಲೆ ಕಾಣುವುದರಲ್ಲಿ ಪ್ಲಾಸ್ಟಿಕ್ ಪಾಲು ಶೇ 5ರ ಆಸುಪಾಸು. ಬೇರುಗಳು ಆ ಎಳೆಗಳನ್ನು ತಬ್ಬಿ ನಿಲ್ಲುತ್ತವೆ. ಟಾಟನ್‌ಹ್ಯಾಮ್ ತನ್ನ ಹೊಸ ಕ್ರೀಡಾಂಗಣದಲ್ಲಿ ಹುಲ್ಲಿನ ಮೈದಾನವನ್ನೇ ಮೂರು ತುಂಡಾಗಿ ಸರಿಸಿ, ಕೆಳಗಿರುವ ಕೃತಕ ಹಾಸಿನ ಮೇಲೆ ಎನ್‌ಎಫ್‌ಎಲ್ ಪಂದ್ಯ ಆಡಿಸುತ್ತದೆ. ಇವಕ್ಕೆಲ್ಲ ವಿದ್ಯುತ್ತು, ನೀರು, ಗೊಬ್ಬರ ಬೇಕು, ಬಿಸಿಲು ಬೀಳದ ಮೂಲೆಗೆ ರಾತ್ರಿಯಿಡೀ ದೀಪ ಉರಿಸಬೇಕು. ಹುಲ್ಲು ಪರಿಸರಕ್ಕೆ ಪುಕ್ಕಟೆಯಲ್ಲ. ಇತ್ತ ರಬ್ಬರ್ ಕಾಳು ಕಾಲುಚೀಲದಲ್ಲಿ, ಮಳೆನೀರಿನಲ್ಲಿ ಹೊರಬಂದು ಚರಂಡಿ ಸೇರುತ್ತದೆ. ಸೂಕ್ಷ್ಮ ಪ್ಲಾಸ್ಟಿಕ್ ಕುರಿತ 2023ರ ನಿಯಮದಂತೆ ಯುರೋಪಿಯನ್ ಒಕ್ಕೂಟದಲ್ಲಿ 2031ರಿಂದ ಇಂಥ ಕಾಳಿನ ಮಾರಾಟ ನಿಲ್ಲಲಿದೆ.

ನೆಲ ಬದಲಾದರೆ ಆಟವೇ ಬದಲಾಗುತ್ತದೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಕೃತಕ ಹಾಸಿಗೆ ಹೋಯಿತು. 1928ರಿಂದ ಪದಕವಿಲ್ಲದೆ ಮರಳದಿದ್ದ ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಕಾರಣ ನೆಲವೊಂದೇ ಅಲ್ಲ. ಆದರೂ ಹುಲ್ಲಿನ ಮೈದಾನದಲ್ಲಿ ಚೆಂಡನ್ನು ಕೋಲಿಗಂಟಿಸಿಕೊಂಡು ಕಲಿತ ಒಂದು ಪೀಳಿಗೆಯ ಕೈಚಳಕ ದಿಢೀರನೆ ಹಳತಾದದ್ದನ್ನು ಕೊಡಗಿನ ಹಾಕಿ ಮನೆತನಗಳು ಚೆನ್ನಾಗಿ ಬಲ್ಲವು.

ಬೆಂಗಳೂರಿನ ಉದಾಹರಣೆ ನನಗೆ ಹೆಚ್ಚು ಸಮಾಧಾನ ಕೊಡುತ್ತದೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹಾಸಿನ ಮೇಲೆ ಬೆಂಗಳೂರು ಎಫ್‌ಸಿ 2013–14ರ ತನ್ನ ಮೊದಲ ಐ-ಲೀಗ್ ಆಡಿತು, ಮೊದಲ ಪ್ರಯತ್ನದಲ್ಲೇ ಪ್ರಶಸ್ತಿಯನ್ನೂ ಗೆದ್ದಿತು. ಆಮೇಲೆ ಹುಲ್ಲಿರುವ ಕಂಠೀರವಕ್ಕೆ ಹೋಯಿತು. ಇದು ಸರಿಯಾದ ವಿಂಗಡಣೆ. ಮಳೆಗಾಲದಲ್ಲೂ ದಿನಕ್ಕೆ ಒಂದರ ಮೇಲೊಂದು ಪಂದ್ಯ ನಡೆಯಬೇಕಾದ ಸ್ಥಳೀಯ ಲೀಗಿಗೆ, ಕೆಸರಲ್ಲಿ ಆಟವೇ ರದ್ದಾಗುತ್ತಿದ್ದ ಮಕ್ಕಳಿಗೆ ಕೃತಕ ಹಾಸು ನಿಜವಾದ ಉಪಕಾರ. ಬಡಾವಣೆಗಳಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ಗಳಿಂದಾಗಿ ಕಚೇರಿ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು ರಾತ್ರಿ ಚೆಂಡು ಒದೆಯುತ್ತಿದ್ದಾರೆ. ಅದನ್ನು ತೆಗೆಯಿರಿ ಎಂದು ನಾನು ಹೇಳಲಾರೆ. ವಾರಕ್ಕೆರಡು ಪಂದ್ಯವಾಡಿ ಕಾಲನ್ನೇ ನಂಬಿ ಬದುಕುವವರ ಲೆಕ್ಕ ಬೇರೆ. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ 2017ರ 17 ವರ್ಷದೊಳಗಿನವರ ವಿಶ್ವಕಪ್‌ಗೆ ಮುಂಚೆ ಕೃತಕ ಹಾಸು ಕಿತ್ತು ಬರ್ಮುಡಾ ಹುಲ್ಲು ಬೆಳೆಸಿದರು. ಸೆಕೆಯೂ ಮಳೆಯೂ ಅಷ್ಟಿರುವ ಊರಿನಲ್ಲಿ ಅದು ನಿಂತಿತು.

ನಮ್ಮಲ್ಲಿ ಹೊಸ ಫುಟ್‌ಬಾಲ್ ಕ್ರೀಡಾಂಗಣದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಎಷ್ಟು ಸಾವಿರ ಆಸನ, ಎಂಥ ಸೂರು ಎಂಬುದು. ನೆಲದ ವಿಚಾರ ಕೊನೆಯ ಟೆಂಡರಿಗೆ ಉಳಿಯುತ್ತದೆ. ನೀರು ಯಾವ ಕಡೆ ಬಸಿಯಬೇಕು, ದಕ್ಷಿಣದ ಗ್ಯಾಲರಿಯ ನೆರಳು ಡಿಸೆಂಬರ್‌ನಲ್ಲಿ ಎಷ್ಟು ಗಂಟೆ ಮೈದಾನದ ಮೇಲಿರುತ್ತದೆ, ವರ್ಷದಲ್ಲಿ ಎಷ್ಟು ವಾರ ಹುಲ್ಲಿಗೆ ಬಿಡುವು ಕೊಡಬೇಕು ಎಂಬುದನ್ನು ಹುಲ್ಲು ಬೆಳೆಸಿ ಬಲ್ಲ ಒಬ್ಬ ಮೈದಾನಪಾಲಕ ನಕ್ಷೆ ಬರೆಯುವ ದಿನವೇ ಹೇಳಬಲ್ಲ. ಅವನನ್ನು ಆ ದಿನ ವಾಸ್ತುಶಿಲ್ಪಿಯ ಪಕ್ಕದಲ್ಲಿ ಕೂರಿಸಬೇಕು; ಸೂರಿನ ಗೆರೆ ಆಮೇಲೆ ಎಳೆಯಲಿ.