ಮಂಡಿಗಂಟ ಸ್ವೆಟರ್

ಕೊರಳಪಟ್ಟಿಗೆ ಕುಣಿಕೆ ಎತ್ತುವ ವಿಚಾರವನ್ನು ಈ ವಾರ ಬರೆಯುತ್ತೇನೆ ಎಂದಿದ್ದೆ. ಅದು ಕಾಯಲಿ. ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಆರರ ಬಸ್ಸಿಗೆ ನಿಂತವರ ಮೈಮೇಲೆ ಸ್ವೆಟರುಗಳು ಕಾಣಿಸಿಕೊಂಡಿವೆ. ಅಂದಮೇಲೆ ವರ್ಷವರ್ಷದ ಪ್ರಶ್ನೆಯೂ ಬಂದೇ ಬರುತ್ತದೆ: ‘ಮೊದಲನೇ ಸ್ವೆಟರು, ಅಳತೆ ಹೇಗೆ ತಗೊಳ್ಳಲಿ?’

ಎದೆಯ ಸುತ್ತಳತೆ ಆಮೇಲೆ. ಮೊದಲು ನಿಮ್ಮ ಕೈಯ ಅಳತೆ ತಗೊಳ್ಳಿ. ಅದೇ ಉಲ್ಲನ್ನು, ಅದೇ 8ನೇ ನಂಬರಿನ ಕಡ್ಡಿ, ಆದರೂ ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಪುಸ್ತಕದಲ್ಲಿ ಇಂಚಿಗೆ 5.5 ಕುಣಿಕೆ ಎಂದಿತ್ತು, 38 ಇಂಚಿಗೆ 209 ಏರಿಸಿದಿರಿ ಅನ್ನಿ. ನಿಮ್ಮ ಕೈ ಇಂಚಿಗೆ 6 ಹಾಕುವ ಕೈಯಾದರೆ ಸ್ವೆಟರು 35 ಇಂಚೂ ಬರುವುದಿಲ್ಲ. ಅರ್ಧ ಕುಣಿಕೆ ಮೂರು ಇಂಚನ್ನು ನುಂಗಿತು! ಅದಕ್ಕೇ ಒಂದು ತುಂಡು ಹಾಕಿ ನೋಡಿ ಅನ್ನುವುದು. ಅಂಗೈಗಿಂತ ದೊಡ್ಡದಿರಲಿ. ಒಗೆದು, ನೆರಳಲ್ಲಿ ಹಾಸಿ ಒಣಗಿಸಿ, ನಟ್ಟನಡುವಿನ 4 ಇಂಚು ಎಣಿಸಿ. ಅಂಚಿನ ಕುಣಿಕೆಗಳು ನಿಜ ಹೇಳುವುದಿಲ್ಲ.

ನನ್ನ ಗುರು ಎಲಿಜಬೆತ್ ಜಿಮ್ಮರ್‌ಮನ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದಾಕೆ. 1971ರ ‘ನಿಟ್ಟಿಂಗ್ ವಿದೌಟ್ ಟಿಯರ್ಸ್’ ಬರೆದವರು. ತುಂಡು ಹಾಕಲು ಬೇಸರವಾದರೆ ಟೋಪಿ ಹಾಕು ಎಂಬುದು ಆಕೆಯ ಉಪಾಯ. ಅಳತೆಯೂ ಸಿಕ್ಕಿತು, ಯಾರದೋ ತಲೆಯೂ ಬೆಚ್ಚಗಾಯಿತು. ಕೈಯ ಅಳತೆ ಸಿಕ್ಕಿದ ಮೇಲೆ ಮಿಕ್ಕಿದ್ದೆಲ್ಲ ಶೇಕಡಾವಾರು ಲೆಕ್ಕ. ಮೈಸುತ್ತಿಗೆ 200 ಕುಣಿಕೆ ಇದ್ದರೆ ಮುಂಗೈಗೆ ಅದರ ಐದನೇ ಒಂದು ಭಾಗ, 40. ತೋಳಿಗೆ ಮೂರನೇ ಒಂದು, ಸುಮಾರು 66. ಕಂಕುಳಿಗೆ ಶೇಕಡಾ 8, ಅಂದರೆ 16. ಕೊರಳಿಗೆ ಶೇಕಡಾ 40, ಅಂದರೆ 80. ಪ್ಯಾಟರ್ನ್ ಪುಸ್ತಕ ಮುಚ್ಚಿಡಬಹುದು. ಮನುಷ್ಯರ ಮೈ ಎಷ್ಟೇ ಬೇರೆ ಬೇರೆಯಾಗಿದ್ದರೂ ಕೈಗೂ ಎದೆಗೂ ಇರುವ ನೆಂಟಸ್ತಿಕೆ ಹೆಚ್ಚುಕಡಿಮೆ ಒಂದೇ ಎಂದು ಆಕೆ ಕಂಡುಕೊಂಡಿದ್ದರು.

ಒಂದು ವಿಷಯದಲ್ಲಿ ಮಾತ್ರ ಗುರುವಿಗೆ ತಿರುಗಿ ಬೀಳುತ್ತೇನೆ. ತಲೆ ಮೇಲಿಂದ ತೊಡುವ ಸ್ವೆಟರು ಆಕೆ ನೆಲೆಸಿದ್ದ, ಹಿಮ ಬೀಳುವ ವಿಸ್ಕಾನ್ಸಿನ್‌ಗೆ ಸರಿ. ಮದ್ದೂರಿನಲ್ಲಿ ಆರು ಗಂಟೆಗೆ ಹಲ್ಲು ಕಟಕಟ, ಒಂಬತ್ತಕ್ಕೆ ಬೆವರು. ಬಸ್ಸಿನ ನಡುವೆ ನಿಂತು ತಲೆ ಮೇಲಿಂದ ಎಳೆದು ತೆಗೆಯುವಷ್ಟರಲ್ಲಿ ಪಕ್ಕದವರ ಕನ್ನಡಕ ಬಿದ್ದಿರುತ್ತದೆ. ನಮಗೆ ಮುಂದೆ ಗುಂಡಿ ಇರುವುದೇ ಬೇಕು. ಅರ್ಧ ಇಂಚು ಆಚೀಚೆ ಆದರೂ ಗುಂಡಿಪಟ್ಟಿ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಇನ್ನು ಕಣ್ಣಳತೆ ಪಂಗಡದವರ ವಿಷಯ. ‘ಟೇಪ್ ಯಾಕೆ, ನೋಡಿದರೆ ಗೊತ್ತಾಗಲ್ವಾ?’ ಅನ್ನುವವರು. ಇವರ ಜೊತೆ ನನ್ನ ಜಗಳ ಹಳೆಯದು. ಇವರದೇ ಒಂದು ಶಾಖೆ ‘ಬೆಳೆಯೋ ಮಗು, ದೊಡ್ಡದೇ ಹಾಕವ್ವ’ ಎಂದು ಉಪದೇಶಿಸುತ್ತದೆ. ಮಗು ಸ್ವೆಟರಿಗೆ ಸರಿಹೊಂದುವ ಹೊತ್ತಿಗೆ ಮೊಣಕೈ ತೂತಾಗಿರುತ್ತದೆ. ಕಣ್ಣಳತೆ ನಡೆಯುವ ಜಾಗ ಬೇರೆ ಇದೆ. ಬಂಡೂರು ಕುರಿ ಕೊಳ್ಳುವವರನ್ನು ನೋಡಿ. ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ತಳಿ ಅದು. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ ‘ಯು’ ಅಕ್ಷರ. ಬಲ್ಲವರು ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ತೂಕ ಹೇಳುತ್ತಾರೆ. ಟೇಪು ಬೇಡವೇ ಬೇಡ.

ಆದರೆ ಇಷ್ಟು ಹೆಸರಾದ ಕುರಿ ನಮ್ಮದೇ ನೆಲದಲ್ಲಿದ್ದೂ ನನ್ನ ಕಡ್ಡಿಗೆ ಅದರಿಂದ ಒಂದೆಳೆ ದಾರವಿಲ್ಲ. ಅದರ ಉಣ್ಣೆ ಒರಟು, ಕೂದಲಿನ ಹಾಗೆ. ಊರೂರಿನಿಂದ ಜನ ಹುಡುಕಿಕೊಂಡು ಬರುವುದೆಲ್ಲ ಮಾಂಸಕ್ಕೆ. ಹಾಗಂತ ಒರಟು ಉಣ್ಣೆ ದಂಡವಲ್ಲ. ಕುರುಬರ ಮಗ್ಗದ ಕಂಬಳಿಗೆ ಅದೇ ಆಧಾರ, ಚಳ್ಳಕೆರೆ ಕಡೆಯ ಕಂಬಳಿ ಮುಟ್ಟಿದವರಿಗೆ ಗೊತ್ತು. ಆ ಕಂಬಳಿಗೆ ಸೈಜು ಅನ್ನುವುದೇ ಇಲ್ಲ. ಗೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಹತ್ತು ವರ್ಷದ ಹುಡುಗನಿಗೂ ಆಯಿತು, ಅವನ ತಾತನಿಗೂ ಆಯಿತು. ಮಳೆಗೂ ಆಯಿತು, ಹಾಸಲಿಕ್ಕೂ ಆಯಿತು. ಅಳತೆಯ ತಲೆನೋವನ್ನು ಅಳೆಯದೆಯೇ ಬಗೆಹರಿಸಿಕೊಂಡ ಜಾಣರು.

ಇಷ್ಟೆಲ್ಲ ಹೇಳುವ ನಾನೂ ಮೊದಲು ಕಣ್ಣಳತೆ ಪಂಗಡದವಳೇ. ನನ್ನ ಮೊದಲ ಸ್ವೆಟರು ಅಪ್ಪನಿಗೆ, ಕಂದು ಬಣ್ಣದ ಕ್ಯಾಶ್ಮಿಲಾನಿನ, ಅಂದರೆ ಕೃತಕ ನೂಲಿನ, ಹಾಫ್ ಸ್ವೆಟರು. ಮುದ್ದಾಂ ಕಣ್ಣಳತೆ. ಎದೆಗೆ ದೊಗಳೆ, ಸಾಲದ್ದಕ್ಕೆ ಒಗೆದು, ಒದ್ದೆಯಿರುವಾಗಲೇ ತಂತಿಗೆ ನೇತುಹಾಕಿದೆ. ನೀರಿನ ಭಾರಕ್ಕೆ ಜಗ್ಗಿದ್ದು ಮತ್ತೆ ಮೇಲೆ ಬರಲಿಲ್ಲ. ಉಣ್ಣೆಯಾಗಿದ್ದರೆ ಒದ್ದೆ ಮಾಡಿ ಸ್ವಲ್ಪ ತಿದ್ದಬಹುದಿತ್ತು, ಕ್ಯಾಶ್ಮಿಲಾನು ಆ ಮಾತು ಕೇಳುವುದಿಲ್ಲ. ಅಪ್ಪ ತೊಟ್ಟು ನಿಂತಾಗ ನನಗೆ ಅಳುವೇ ಬಂತು.

‘ಬುಡವ್ವ, ಚಳಿ ಮಂಡಿಗಂಟ ಅದೆ, ಸ್ವೆಟ್ರೂ ಮಂಡಿಗಂಟ ಇರ್ಲಿ’ ಅಂದರು.

ವಿಶ್ವೇಶ್ವರಯ್ಯ ನಾಲೆಯ ನೀರಿನ ಸರದಿ ರಾತ್ರಿ ಬಂದಾಗಲೆಲ್ಲ ಅದನ್ನೇ ತೊಟ್ಟು, ಗುದ್ದಲಿ ಹೆಗಲಿಗೇರಿಸಿ ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದರು. ಎರಡು ಚಳಿಗಾಲ ಕಳೆದ ಮೇಲೆ, ತುಂಡು ಹಾಕಿ, ಒಗೆದು, ಎಣಿಸಿ, ಸರಿಯಾಗಿ 38 ಇಂಚಿನದೊಂದು ಹಾಕಿಕೊಟ್ಟೆ. ಅದನ್ನು ಮದುವೆಮನೆಗೆ ಅಂತ ಟ್ರಂಕಿನಲ್ಲಿಟ್ಟರು. ಗದ್ದೆಗೆ ಹೋಗುವಾಗ ಹಳೆಯದೇ.