ಗುತ್ತಿಗೆಯ ಉತ್ಖನನವೂ ದೋಷನಿವೇದನವೂ

ಇಂಗ್ಲೆಂಡು ದೇಶದಲ್ಲಿ ಪ್ರಾಕ್ತನವಿಮರ್ಶೆಯು ಈಗ ಬಹುಮಟ್ಟಿಗೆ ಗುತ್ತಿಗೆಯ ಕಸುಬಾಗಿದೆ. 1989ರಲ್ಲಿ ಲಂಡನ್ ನಗರದಲ್ಲಿ ಕಟ್ಟಡದ ಕೆಲಸ ನಡೆಯುತ್ತಿರಲು ರೋಸ್ ಎಂಬ ಪುರಾತನ ನಾಟಕಶಾಲೆಯ ತಳಪಾಯವು ಹೊರಬಿದ್ದು, ಜನರಲ್ಲಿ ದೊಡ್ಡ ಕೋಲಾಹಲವೆದ್ದಿತು. ಮರುವರ್ಷವೇ, ಎಂದರೆ 1990ರಲ್ಲಿ, ಪಿ.ಪಿ.ಜಿ. 16 ಎಂದು ಪ್ರಸಿದ್ಧವಾದ ಸರ್ಕಾರದ ನಿರ್ದೇಶಪತ್ರವು ಹೊರಟಿತು. ಮುಖ್ಯವಾದ ಅವಶೇಷಗಳನ್ನು ಇದ್ದೆಡೆಯಲ್ಲಿಯೇ ಉಳಿಸತಕ್ಕದ್ದು, ಉಳಿಸಲಾಗದೆ ಹೋದಲ್ಲಿ ಕಟ್ಟುವವನೇ ತನ್ನ ವೆಚ್ಚದಿಂದ ಅಗೆಯಿಸಿ ದಾಖಲೆ ಮಾಡಿಸತಕ್ಕದ್ದು ಎಂಬುದು ಅದರ ತಾತ್ಪರ್ಯವು. ಆ ಪತ್ರವು 2010ರಲ್ಲಿ ರದ್ದಾಯಿತು. 2012ರಿಂದ ಬೇರೆ ನೀತಿಪತ್ರವು ಬಳಕೆಗೆ ಬಂದಿತು. ಆದರೂ ಮೂಲತತ್ತ್ವವು ಹಾಗೆಯೇ ನಿಂತಿದೆ.

ಈ ಏರ್ಪಾಡಿನಿಂದ ಆದ ಉಪಕಾರವನ್ನು ಮರೆಯಲಾಗದು. ರಿಚರ್ಡ್ ಬ್ರ್ಯಾಡ್ಲಿಯವರು 2007ರಲ್ಲಿ ಪ್ರಕಟಿಸಿದ ಬ್ರಿಟನ್-ಐರ್ಲೆಂಡುಗಳ ಪ್ರಾಗಿತಿಹಾಸಗ್ರಂಥವು, ಗುತ್ತಿಗೆಯವರು ಬರೆದಿಟ್ಟ ಅಚ್ಚಾಗದ ವರದಿಗಳನ್ನು ಹೇರಳವಾಗಿ ಉಪಯೋಗಿಸಿಕೊಂಡೇ ಸಿದ್ಧವಾದುದು. ಆದರೆ ದೋಷವು ಏರ್ಪಾಡಿನ ಬುಡದಲ್ಲಿಯೇ ಇದೆ. ಹಣವನ್ನು ಕೊಡುವವನಿಗೆ ಬೇಕಾದುದು ಜ್ಞಾನವಲ್ಲ, ಕಟ್ಟಲು ಅಪ್ಪಣೆ. ಕಡಮೆ ಬೆಲೆಗೆ ಟೆಂಡರು ಹಾಕಿದವನಿಗೆ ಕೆಲಸವು ಸಿಕ್ಕುತ್ತದೆ. ಕೆಲಸವು ಕೆಟ್ಟರೆ ನಷ್ಟವು ಕೊಂಡವನದಲ್ಲ, ಮುಂದೆ ಹುಟ್ಟುವ ವಿದ್ವಾಂಸರದು. ಅವರು ಬಂದು ದೂರು ಹೇಳುವಂತಿಲ್ಲ.

ಹಾಗಾದರೆ ಕೆಟ್ಟ ಕೆಲಸವೆಂಬುದು ಯಾವುದು? ಒಂದೇ ಒಂದು ಓಲೆಯ ಮಾತೃಕೆಯಿಂದ ಪ್ರತಿಮಾಡಿಕೊಂಡು, ಒಡನೆಯೇ ಆ ಮಾತೃಕೆಯನ್ನು ಬೆಂಕಿಗೆ ಹಾಕುವ ಲಿಪಿಕಾರನನ್ನು ಭಾವಿಸೋಣ. ಉತ್ಖನನವು ಅಂಥ ಲೇಖನವೇ ಸರಿ. ಪ್ರಾಮಾಣಿಕನಾದ ಲಿಪಿಕಾರನು ಅಕ್ಷರವು ತಿಳಿಯದ ಕಡೆ ಗ್ರಂಥಪಾತವೆಂದು ಗುರುತುಮಾಡುವನು. ಅಪ್ರಾಮಾಣಿಕನು ಸಾಲನ್ನು ಕೂಡಿಸಿ ಮುಂದುವರಿಯುವನು. ಓದುಗನಿಗೆ ಲೋಪವಿದ್ದುದೇ ತಿಳಿಯದು.

“ಏನೂ ದೊರೆಯಲಿಲ್ಲ” ಎಂಬ ವರದಿಯನ್ನು ಪರೀಕ್ಷಿಸುವುದಂತೂ ಮತ್ತೂ ಕಷ್ಟವು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವರಾದರೂ, ಅದು ಯೋಗ್ಯಾನುಪಲಬ್ಧಿಯಾಗಿರಬೇಕೆಂಬುದು ಅವರ ನಿಯಮವು. ಕತ್ತಲೆಯ ಕೋಣೆಯಲ್ಲಿ ಘಟವು ಕಾಣಲಿಲ್ಲವೆಂದ ಮಾತ್ರಕ್ಕೆ ಘಟಾಭಾವವು ಸಿದ್ಧವಾಗದು. ಇದ್ದಿದ್ದರೆ ಕಂಡೇ ತೀರಬೇಕಾಗಿದ್ದ ಬೆಳಕಿನಲ್ಲಿ ಕಾಣದಿದ್ದರೆ ಮಾತ್ರ ಸಿದ್ಧವಾಗುತ್ತದೆ. ಅಲ್ಲಿ ಪೂರ್ವಪರೀಕ್ಷೆಗೆಂದು ತೋಡುವ ಕಾಲುವೆಗಳು ಸಾಮಾನ್ಯವಾಗಿ ನೆಲದ ನೂರಕ್ಕೆ 2ರಿಂದ 5 ಪಾಲನ್ನು ಮಾತ್ರ ಮುಟ್ಟುತ್ತವೆ. ಯಂತ್ರವು ಎಷ್ಟು ಆಳದವರೆಗೆ ಮಣ್ಣು ತೆಗೆಯಿತು, ಮಣ್ಣನ್ನು ಜರಡಿ ಹಿಡಿದರೋ ಇಲ್ಲವೋ, ನೀರು ನಿಂತ ಕಾಲುವೆಯನ್ನು ಯಾರಾದರೂ ಇಳಿದು ನೋಡಿದರೋ ಇಲ್ಲವೋ, ಇವನ್ನು ಹೇಳದ ವರದಿಯ “ಇಲ್ಲ” ಎಂಬ ಮಾತು ಕತ್ತಲೆಯ ಕೋಣೆಯ ಸಾಕ್ಷ್ಯವೇ ಆಗಿದೆ.

ಇಂಥ ದೋಷವನ್ನು ನಿವೇದಿಸಲು ಮಾರ್ಗವಿಲ್ಲದೆ ಇಲ್ಲ. ಕ್ಷೇತ್ರದಲ್ಲಿ ದುಡಿಯುವ ಪ್ರಾಕ್ತನಜ್ಞರ ಸಂಸ್ಥೆಯೊಂದು 1982ರಲ್ಲಿ ಸ್ಥಾಪಿತವಾಗಿ 2014ರಲ್ಲಿ ರಾಜಶಾಸನವನ್ನು ಪಡೆಯಿತು. ಅದಕ್ಕೆ ಆಚಾರಸಂಹಿತೆಯುಂಟು, ದೂರನ್ನು ವಿಚಾರಿಸಿ ತಪ್ಪಿತಸ್ಥನಾದ ಸದಸ್ಯನನ್ನು ಹೊರಹಾಕುವ ಅಧಿಕಾರವೂ ಉಂಟು. ಆದರೆ ಅದರ ಶಾಸನವು ಸದಸ್ಯರಿಗೂ ಅಲ್ಲಿ ಹೆಸರು ನೋಂದಾಯಿಸಿದ ಕೂಟಗಳಿಗೂ ಮಾತ್ರ ತಾಗುತ್ತದೆ. ಪ್ರಾಕ್ತನಜ್ಞನೆಂಬ ಹೆಸರಿಗೆ ಆ ದೇಶದಲ್ಲಿ ಕಾನೂನಿನ ಕಾವಲಿಲ್ಲ. ಬಹಿಷ್ಕೃತನಾದವನೂ ಮರುದಿನ ಗುದ್ದಲಿಯನ್ನು ಹಿಡಿಯಬಹುದು. ಸ್ಥಳವನ್ನು ಮೇಲ್ವಿಚಾರಿಸುವ ಸ್ಥಳೀಯಾಡಳಿತದ ಅಧಿಕಾರಿಗಳ ಸಂಖ್ಯೆಯೂ 2010ರಿಂದೀಚೆಗೆ ವೆಚ್ಚಸಂಕೋಚದಿಂದ ಇಳಿದಿದೆ.

ಇದಕ್ಕಿಂತ ದೊಡ್ಡ ತೊಡಕು ಸಾಕ್ಷ್ಯದ್ದು. ದೋಷವನ್ನು ಕಣ್ಣಾರೆ ಕಂಡವನು ಕಾಲುವೆಯಲ್ಲಿ ನಿಂತ ಕೂಲಿಗಾರನು. ಅವನ ಕೆಲಸವು ಅಲ್ಪಾವಧಿಯದು, ದೂರಿದರೆ ಮುಂದಿನ ಕೆಲಸವು ದೊರೆಯದೆಂಬ ಭಯವುಂಟು. ಅವನು ಧೈರ್ಯಮಾಡಿ ಬಾಯಿ ಬಿಡುವಷ್ಟರಲ್ಲಿ ನೆಲದ ಮೇಲೆ ಕಾಂಕ್ರೀಟು ಬಿದ್ದಿರುತ್ತದೆ. ಉಳಿದ ಪ್ರಮಾಣವೆಂದರೆ ಆರೋಪಿತನೇ ಬರೆದ ದಾಖಲೆ. ಪ್ರತಿವಾದಿಯ ಲೆಕ್ಕದ ಪುಸ್ತಕವನ್ನೇ ಸಾಕ್ಷಿಯಾಗಿ ಹಿಡಿದು ತೀರ್ಪು ಹೇಳುವುದು ಯಾವ ವ್ಯವಹಾರಶಾಸ್ತ್ರಕ್ಕೆ ಸಮ್ಮತವು?

ದೂರಿಗೆ ಬಾಗಿಲು ತೆರೆದರೆ ಪೈಪೋಟಿಯವರು ಮತ್ಸರದಿಂದ ಒಬ್ಬರನ್ನೊಬ್ಬರು ಹಳಿಯುವರೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಆದರೆ ಅದರಿಂದ ಸಿದ್ಧವಾಗುವುದು ದೂರನ್ನು ಪರೀಕ್ಷಿಸಬೇಕೆಂಬುದು, ದೂರೇ ಇರಬಾರದೆಂಬುದಲ್ಲ. ಕಾಲುವೆಯು ತೆರೆದಿರುವಾಗಲೇ ತಟಸ್ಥನೊಬ್ಬನು ಬಂದು ನೋಡಿದರೆ ಮತ್ಸರದ ದೂರು ಅಲ್ಲಿಯೇ ಬಿದ್ದುಹೋಗುವುದು, ನಿಜವಾದ ದೂರು ಅಲ್ಲಿಯೇ ನಿಲ್ಲುವುದು. ಆದುದರಿಂದ ಆಚಾರಸಂಹಿತೆಗೆ ಹೊಸ ವಿಧಿಗಳನ್ನು ಸೇರಿಸುವುದಕ್ಕಿಂತ, ನೆಲವನ್ನು ಮುಚ್ಚುವ ಮುನ್ನ ದೂರನ್ನು ಕೇಳುವ ಕಾಲನಿಯಮವೂ, ಹೇಳಿದವನ ಜೀವನೋಪಾಯಕ್ಕೆ ರಕ್ಷಣೆಯೂ ಹೆಚ್ಚು ಅವಶ್ಯಕವು.

ನಮ್ಮ ದೇಶದಲ್ಲಿ 1958ರ ಕಾಯಿದೆಯ ಪ್ರಕಾರ ಸಂರಕ್ಷಿತವಾದ ನೆಲೆಯನ್ನು ಅಗೆಯಲು ಕೇಂದ್ರದ ಪುರಾತತ್ತ್ವ ಇಲಾಖೆಯ ಅನುಜ್ಞೆಯು ಬೇಕು. ಗುತ್ತಿಗೆಯ ಈ ಪದ್ಧತಿಯು ಇಲ್ಲಿ ಬೇರೂರಿಲ್ಲ. ಹಾಗೆಂದು ಸಮಾಧಾನಪಡುವಂತಿಲ್ಲ. ಅಗೆದು ದಶಕಗಳು ಕಳೆದರೂ ಪೂರ್ಣವಾದ ವರದಿಯು ಅಚ್ಚಾಗದ ನೆಲೆಗಳು ನಮ್ಮಲ್ಲಿಯೂ ಉಂಟು. ಮಾತೃಕೆಯನ್ನು ಸುಟ್ಟು ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟವನನ್ನೂ, ತಪ್ಪುಪ್ರತಿಯನ್ನು ಬರೆದವನನ್ನೂ ಪ್ರಶ್ನಿಸುವ ಅಧಿಕಾರವು ಓದುಗರಿಗೆ ಸಮಾನವಾಗಿಯೇ ಇದೆ. ಆ ಅಧಿಕಾರವನ್ನು ನಡೆಯಿಸುವುದು ವಿದ್ವತ್ಪರಿಷತ್ತುಗಳ ಕರ್ತವ್ಯವು.