ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು

ಪಕ್ಷಿವೀಕ್ಷಣೆಗೆ ಹೊರಟ ವಿದ್ಯಾರ್ಥಿಯ ಕೈಗೆ ಯಾವ ಪುಸ್ತಕ ಕೊಡಬೇಕು? ಈ ಪ್ರಶ್ನೆಗೆ ಬಹುಕಾಲದಿಂದ ಸಿಗುತ್ತಿರುವ ಉತ್ತರ, ಸಲೀಂ ಅಲಿ (1896–1987) ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’. 1941ರಲ್ಲಿ ಮೊದಲು ಪ್ರಕಟವಾದ ಈ ಕೃತಿಯನ್ನು ಪಕ್ಷಿತಜ್ಞರು ಸಾಕಷ್ಟು ಹೊಗಳಿದ್ದಾರೆ. ಭೌತವಿಜ್ಞಾನದ ಅಧ್ಯಾಪಕನಾದ ನಾನು ಮೆಚ್ಚುವುದು ಬೇರೊಂದು ಕಾರಣಕ್ಕೆ. ಇದು ಅಳತೆಯ ಪಾಠ ಹೇಳುವ ಪುಸ್ತಕ.

ಪ್ರತಿ ಹಕ್ಕಿಯ ವಿವರಣೆಯೂ ಅದರ ಗಾತ್ರದಿಂದ ಆರಂಭವಾಗುತ್ತದೆ. ಗುಬ್ಬಿಯಷ್ಟು, ಪಿಕಳಾರದಷ್ಟು, ಗೊರವಂಕಕ್ಕಿಂತ ಚಿಕ್ಕದು, ಕಾಗೆಗಿಂತ ದೊಡ್ಡದು ಎಂಬ ಹೋಲಿಕೆಗಳು ಅಲ್ಲಿವೆ. ಅಳೆಯುವುದೆಂದರೆ ತಿಳಿದಿರುವ ಒಂದು ಮಾನದೊಂದಿಗೆ ಹೋಲಿಸುವುದು ತಾನೆ? ಹಾರಿಹೋಗುವ ಹಕ್ಕಿಯ ಮೇಲೆ ಅಳತೆಪಟ್ಟಿ ಇಡಲಾಗದು. ಎಲ್ಲರೂ ದಿನವೂ ಕಾಣುವ ಹಕ್ಕಿಯನ್ನೇ ಅವರು ಅಳತೆಗೋಲಾಗಿಸಿದರು.

ಆದರೆ ಈ ಕ್ರಮದಲ್ಲಿ ಒಂದು ತೊಡಕಿದೆ. ಕಣ್ಣು ಗ್ರಹಿಸುವುದು ಕೋನವನ್ನು, ಉದ್ದವನ್ನಲ್ಲ. 10 ಮೀಟರ್ ದೂರದಲ್ಲಿರುವ 20 ಸೆಂಟಿಮೀಟರ್ ಉದ್ದದ ಪಿಕಳಾರವೂ 20 ಮೀಟರ್ ದೂರದಲ್ಲಿರುವ 40 ಸೆಂಟಿಮೀಟರ್ ಉದ್ದದ ಕಾಗೆಯೂ ಕಣ್ಣಿನಲ್ಲಿ ಒಂದೇ ಕೋನವನ್ನುಂಟುಮಾಡುತ್ತವೆ. ದೂರ ತಿಳಿಯದೆ ಗಾತ್ರ ಹೇಳಲಾಗದು. ಅದೇ ಕೊಂಬೆಯ ಮೇಲಿರುವ ಪರಿಚಿತ ಹಕ್ಕಿಯೊಂದಿಗೋ ಎಲೆಯೊಂದಿಗೋ ಹೋಲಿಸಿ ನೋಡಬೇಕು. ಈ ಎಚ್ಚರಿಕೆಯನ್ನು ಶಿಕ್ಷಕರೇ ಸೇರಿಸಿಕೊಡಬೇಕು.

ಎರಡನೆಯ ತೊಡಕು ಬೆಳಕಿನದು. ಚಿತ್ರಪುಟಗಳಲ್ಲಿ ಹಕ್ಕಿ ತನ್ನೆಲ್ಲ ಬಣ್ಣಗಳೊಂದಿಗೆ ಮಗ್ಗುಲು ತಿರುಗಿ ಕುಳಿತಿರುತ್ತದೆ. ಬೆಳಗಿನ ಆಕಾಶಕ್ಕೆ ಎದುರಾಗಿ ನೋಡಿದರೆ ಮಿಂಚುಳ್ಳಿಯ ನೀಲಿ ಕೂಡ ಕಪ್ಪು. ಆ ನೀಲಿ ವರ್ಣದ್ರವ್ಯದ್ದಲ್ಲ. ಗರಿಯ ಸೂಕ್ಷ್ಮರಚನೆ ಬೆಳಕನ್ನು ಚದರಿಸುವುದರಿಂದ ಬಂದದ್ದು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನೋಡಿದವರಿಗಷ್ಟೆ ಅದು ಚೆನ್ನಾಗಿ ಕಂಡೀತು.

ಮೂರನೆಯ ಕೊರತೆ ಕಾಲ ತಂದದ್ದು. ನಗರದ ಎಷ್ಟೋ ಮಕ್ಕಳಿಗೆ ಇಂದು ಗುಬ್ಬಿಯೇ ಅಪರಿಚಿತ. ಅಳತೆಗೋಲೇ ಕಳೆದುಹೋದರೆ ಅಳೆಯುವುದು ಹೇಗೆ? ಪ್ರತಿ ಶಾಲೆಯೂ ತನ್ನ ಅಂಗಳದ ಸೂರಕ್ಕಿ, ಪಿಕಳಾರ, ಕಾಗೆಗಳಿಂದ ತನ್ನದೇ ಅಳತೆಗೋಲು ಮಾಡಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಶ್ರಮ ಏಕೆ, ಫೋನ್ ಇದೆಯಲ್ಲ ಎನ್ನಬಹುದು. ಕಾರ್ನೆಲ್ ವಿಶ್ವವಿದ್ಯಾಲಯದ ‘ಮರ್ಲಿನ್’ ತಂತ್ರಾಂಶ 2021ರಿಂದ ಕೂಗು ಕೇಳಿಯೇ ಹಕ್ಕಿಯ ಹೆಸರು ಸೂಚಿಸುತ್ತಿದೆ. ಉಪಯುಕ್ತ ಸಾಧನ, ನಾನೂ ಬಳಸುತ್ತೇನೆ. ಒಮ್ಮೆ ಕೆರೆಯ ದಂಡೆಯಲ್ಲಿ ವಿದ್ಯಾರ್ಥಿಯೊಬ್ಬ ಅರ್ಧ ಗಂಟೆಯಲ್ಲಿ ಹದಿನಾಲ್ಕು ಹೆಸರು ಪಟ್ಟಿ ಮಾಡಿದ. “ಇದರಲ್ಲಿ ಎಷ್ಟನ್ನು ನೋಡಿದೆ?” ಎಂದು ಕೇಳಿದೆ. ಮೂರು ಎಂದ. ಆ ಮೂರರಲ್ಲಿ ಯಾವುದು ಏನು ತಿನ್ನುತ್ತಿತ್ತು ಎಂದರೆ ಉತ್ತರವಿಲ್ಲ. ತಪ್ಪು ಅವನದಲ್ಲ. ಹೆಸರುಗಳ ಪಟ್ಟಿಗೆ ಅಂಕ ಕೊಡುತ್ತ ಬಂದವರು ನಾವು.

ಹೆಸರು ತಿಳಿದಲ್ಲಿಗೆ ವೀಕ್ಷಣೆ ಮುಗಿಯುವುದಿಲ್ಲ ಎಂಬುದಕ್ಕೆ ಸಲೀಂ ಅಲಿ ಅವರ ಬದುಕೇ ಸಾಕ್ಷಿ. 1930ರಲ್ಲಿ ಅವರಿಗೆ ಉದ್ಯೋಗವಿರಲಿಲ್ಲ. ಮುಂಬಯಿ ಬಳಿಯ ಕಿಹಿಂ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗಗಳನ್ನು ತಿಂಗಳುಗಟ್ಟಲೆ ನೋಡಿದರು. ಗೂಡು ಅರ್ಧವಾದಾಗ ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪಿದರೆ ಗಂಡು ಗೂಡನ್ನು ಪೂರ್ಣಗೊಳಿಸಿ, ಮುಂದೆ ಇನ್ನೊಂದು ಗೂಡಿಗೆ ತೊಡಗಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಹೆಸರು ಎಲ್ಲರಿಗೂ ಗೊತ್ತಿದ್ದ ಹಕ್ಕಿಯ ಗೊತ್ತಿಲ್ಲದ ಜೀವನ ಹೊರಬಂದದ್ದು ಹೀಗೆ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಿದ್ದೂ ಇದೇ ಕಣ್ಣು.

ಚಿಟ್ಟೆಗಳಿಗೂ ಈ ಮಾತು ಸಲ್ಲುತ್ತದೆ. ನಿಂಬೆಗಿಡದ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಎಳೆಯ ಕಂಬಳಿಹುಳು ಇರಬಹುದು. ಅದು ಬೆಳೆದಂತೆ ಹಸಿರಾಗುವುದನ್ನು ನೋಡಲು ದೂರದ ಕಾಡಿಗೆ ಹೋಗಬೇಕಿಲ್ಲ. ದಿನವೂ ಅದೇ ಗಿಡದ ಬಳಿಗೆ ಹೋದರೆ ಸಾಕು.

ಸಲೀಂ ಅಲಿ ಅವರ ಪುಸ್ತಕ ಹಳತಾಗಿದೆ, ಆದರೆ ಅದರ ಕ್ರಮ ಹಳತಾಗಿಲ್ಲ. ಮುಂದಿನ ಹೊರಸಂಚಾರದಲ್ಲಿ ಶಿಕ್ಷಕರು ಇದನ್ನು ಪ್ರಯತ್ನಿಸಿ ನೋಡಲಿ: ಒಂದೇ ಹಕ್ಕಿ, ಇಪ್ಪತ್ತು ನಿಮಿಷ. ಗಾತ್ರ, ದೂರ, ಬೆಳಕು ಬರುವ ದಿಕ್ಕು, ಹಕ್ಕಿ ಮಾಡಿದ ಕೆಲಸ, ಇವನ್ನು ಬರೆದ ಮೇಲಷ್ಟೆ ಹೆಸರು ಹುಡುಕಲಿ.